ಅಧಿವೇಶನ ಮುಗಿಯಿತು, ಲೆಕ್ಕ ಎಲ್ಲಿ?

(ಮಿಲ್ಲಿನ ಬಾಗಿಲೆದುರಿನ ಬಯಲಿನಲ್ಲಿ ಸೇರಿದ್ದ ಕಾರ್ಮಿಕರ ಹಾಗೂ ಪೇಟೆಯ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಪಕ್ಷದ ಪರವಾಗಿ ಮಾಡಿದ ಭಾಷಣ)



ಮಿಲ್ಲಿನವರು ಮೊದಲ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿದ್ದೀರಿ. ಪೇಟೆಯವರು ಅಂಗಡಿಯಲ್ಲಿ ಮಗನನ್ನೋ ತಮ್ಮನನ್ನೋ ಕೂರಿಸಿ ಬಂದಿದ್ದೀರಿ. ನಿಮ್ಮ ಹೊತ್ತಿನ ಬೆಲೆ ನಮಗೆ ಗೊತ್ತಿದೆ. ಆದುದರಿಂದ ಸುತ್ತುಬಳಸಿ ಮಾತನಾಡುವುದಿಲ್ಲ.

ವಿಧಾನಮಂಡಲದ ಅಧಿವೇಶನ ಮುಗಿದಿದೆ. ಶಾಸಕರು ಊರಿಗೆ ಹಿಂತಿರುಗಿದ್ದಾರೆ. ಬಸ್ ನಿಲ್ದಾಣದಿಂದ ಮಾರುಕಟ್ಟೆಯ ತನಕ ಕಂಬಕ್ಕೊಂದರಂತೆ ಅವರ ಚಿತ್ರ ತೂಗುತ್ತಿದೆ. ಮನೆಮನೆಗೂ ಒಂದು ಬಣ್ಣದ ಕರಪತ್ರ ಬಂದಿದೆ. ಅದಕ್ಕೆ 'ಸಾಧನೆಯ ವರದಿ' ಎಂದು ಹೆಸರು. ನಾವು ಅದನ್ನು ಎರಡು ಸಲ ಓದಿದೆವು. ಕಾಂಕ್ರೀಟು ರಸ್ತೆ ಇದೆ, ಸಮುದಾಯ ಭವನ ಇದೆ, ಬೀದಿ ದೀಪ ಇದೆ, ಬಸ್ ತಂಗುದಾಣ ಇದೆ. ಇವು ಯಾವುವೂ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಅವರು ಸದನದಲ್ಲಿ ಎಷ್ಟು ದಿನ ಕುಳಿತರು, ಯಾವ ಪ್ರಶ್ನೆ ಕೇಳಿದರು, ಯಾವ ಮಸೂದೆಯ ಮೇಲೆ ಏನು ಹೇಳಿದರು, ಯಾವುದಕ್ಕೆ 'ಹೌದು' ಎಂದರು, ಯಾವುದಕ್ಕೆ 'ಅಲ್ಲ' ಎಂದರು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಅಧಿವೇಶನ ಮುಗಿದ ಮೇಲೆ ಬಂದ ವರದಿಯಲ್ಲಿ ಅಧಿವೇಶನವೇ ಇಲ್ಲ!

ಇದು ಒಬ್ಬ ಶಾಸಕರ ಮೇಲಿನ ದೂರಲ್ಲ. ಪಕ್ಕದ ಊರಿಗೆ ಹೋದರೂ ಇದೇ ಕರಪತ್ರ. ಪಕ್ಷದ ಬಣ್ಣ ಬೇರೆ, ಮುಖ ಬೇರೆ, ಅಷ್ಟೆ. ರೋಗ ಎಲ್ಲ ಪಕ್ಷಗಳಿಗೂ ಹತ್ತಿದೆ. ರೋಗಕ್ಕೆ ಕಾರಣ ನಾವೂ ಹೌದು. ಯಾಕೆಂದರೆ ನಾವು ಕೇಳುವುದನ್ನು ಬಿಟ್ಟಿದ್ದೇವೆ.

ಪೇಟೆಯವರನ್ನೇ ಕೇಳುತ್ತೇವೆ. ದೀಪಾವಳಿಗೆ ಖಾತೆ ಪುಸ್ತಕ ಪೂಜೆ ಮಾಡುತ್ತೀರಿ. ಅಂಗಡಿಯ ಗುಮಾಸ್ತ ಬಂದು, "ಯಜಮಾನರೆ, ಈ ವರ್ಷ ಬಾಗಿಲಿಗೆ ಬಣ್ಣ ಹೊಡೆಸಿದ್ದೇನೆ, ಹೊಸ ಬೋರ್ಡು ಹಾಕಿಸಿದ್ದೇನೆ" ಎಂದು ಹೇಳಿ, ಜಮಾ ಖರ್ಚಿನ ಮಾತೇ ಎತ್ತದೆ ಹೊರಟರೆ ಬಿಡುತ್ತೀರಾ? ಬಣ್ಣ ಚೆನ್ನಾಗಿದೆಯಪ್ಪ, ಪುಸ್ತಕ ತೆಗೆ ಎನ್ನುತ್ತೀರಿ. ಮಿಲ್ಲಿನವರನ್ನೂ ಕೇಳುತ್ತೇವೆ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಗುರುತು ಬೀಳದಿದ್ದರೆ ಆ ದಿನದ ಕೂಲಿ ಬರುತ್ತದೆಯೆ? ನಿಮಗೆ ಹತ್ತು ನಿಮಿಷ ತಡಕ್ಕೆ ಲೆಕ್ಕ ಉಂಟು. ನಿಮ್ಮ ಪ್ರತಿನಿಧಿಗೆ ಮಾತ್ರ ಐದು ವರ್ಷ ಲೆಕ್ಕವಿಲ್ಲ. ಓಟು ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ಕರಪತ್ರದಲ್ಲಿರುವ ಕೆಲಸಗಳ ಹಣ ಎಲ್ಲಿಯದೆಂದು ಸ್ವಲ್ಪ ನೋಡೋಣ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ರೂಪಾಯಿ ನಿಗದಿಯಾಗಿದೆ. ವಿಧಾನಸಭೆಯ 224 ಸದಸ್ಯರಿಗೂ ಸೇರಿಸಿದರೆ 448 ಕೋಟಿ. ಇನ್ನು 2025ರ ಮಾರ್ಚಿಯಲ್ಲಿ ಸದನದ ಮುಂದೆ ಬಂದ 2025-26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಪಕ್ಕಪಕ್ಕ ಇಟ್ಟು ನೋಡಿ. ಸಾವಿರ ರೂಪಾಯಿಗೆ ಒಂದು ರೂಪಾಯಿ ಒಂಬತ್ತು ಪೈಸೆ! ಆ ಒಂದು ರೂಪಾಯಿಯ ಪಾಲಿಗೆ ಕಂಬಕಂಬಕ್ಕೂ ಚಿತ್ರ. ಮಿಕ್ಕ ಒಂಬೈನೂರ ತೊಂಬತ್ತೆಂಟು ಚಿಲ್ಲರೆ ರೂಪಾಯಿ ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವ ಹಕ್ಕನ್ನೂ ನೀವು ಅದೇ ಮನುಷ್ಯನಿಗೆ ಕೊಟ್ಟಿದ್ದೀರಿ. ಅದರ ಬಗ್ಗೆ ಮೌನ. ಕಂಟ್ರಾಕ್ಟರು ಮಾಡಬಹುದಾದ ಕೆಲಸದ ವರದಿ ಬಂದಿದೆ. ಶಾಸಕನೊಬ್ಬನೇ ಮಾಡಬಹುದಾದ ಕೆಲಸದ ವರದಿ ಬಂದಿಲ್ಲ. ಇದೇ ನಮ್ಮ ತಕರಾರು.

ಹಾಗಾದರೆ ಆ ಕೆಲಸ ಯಾವುದು? ಪ್ರಶ್ನೋತ್ತರದ ಹೊತ್ತಿನಲ್ಲಿ ಮಂತ್ರಿಗಳನ್ನು ನಿಲ್ಲಿಸಿ ಕೇಳುವುದು ಒಂದು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಗುರುತಿಲ್ಲದ ಪ್ರಶ್ನೆಯಾದರೆ ಬರಹದಲ್ಲಿ ಉತ್ತರ. ಮಸೂದೆ ಬಂದಾಗ ಕಲಮು ಕಲಮಾಗಿ ಓದಿ, ತಿದ್ದುಪಡಿ ಸೂಚಿಸುವುದು ಇನ್ನೊಂದು. ಇಲಾಖೆಗಳ ಬೇಡಿಕೆ ಮತಕ್ಕೆ ಬಂದಾಗ ಈ ಹಣ ಯಾಕೆ, ಕಳೆದ ವರ್ಷದ್ದು ಏನಾಯಿತು ಎಂದು ಕೇಳುವುದು ಮತ್ತೊಂದು. ಇದನ್ನು ಕಂಟ್ರಾಕ್ಟರು ಮಾಡಲಾರ, ಅಧಿಕಾರಿ ಮಾಡಲಾರ, ನಾವು ನೀವೂ ಮಾಡಲಾರೆವು. ಬಾಗಿಲೊಳಗೆ ಹೋಗಲು ಚೀಟಿ ಕೊಟ್ಟಿರುವುದು ಅವರಿಗೆ.

ಇದಕ್ಕೆ ಸಮಯವಾದರೂ ಎಷ್ಟು ಸಿಗುತ್ತದೆ? ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಬಿಡುವು ಇರಬಾರದೆಂದು ಸಂವಿಧಾನದ 174ನೆಯ ವಿಧಿ ಹೇಳುತ್ತದೆ. ಅದು ಸಾಲದೆಂದು ನಮ್ಮ ರಾಜ್ಯವೇ 2005ರಲ್ಲಿ ಒಂದು ಕಾಯಿದೆ ಮಾಡಿಕೊಂಡು, ವರ್ಷಕ್ಕೆ 60 ದಿನಕ್ಕೆ ಕಡಿಮೆಯಿಲ್ಲದಂತೆ ಸದನ ಕೂಡಬೇಕೆಂದು ಬರೆಯಿತು. ಒಳ್ಳೆಯ ಕಾಯಿದೆ. ಆದರೆ 2022ರಲ್ಲಿ ವಿಧಾನಸಭೆ ಕೂಡಿದ್ದು 45 ದಿನ. ಇನ್ನೂ ಸೋಜಿಗದ ಮಾತೆಂದರೆ, ಆ ವರ್ಷ ದೇಶದ ವಿಧಾನಸಭೆಗಳಲ್ಲೆಲ್ಲ ಅದೇ ಹೆಚ್ಚು! ಕಾಯಿದೆ ಮಾಡುವ ಮನೆ ತಾನು ಮಾಡಿಕೊಂಡ ಕಾಯಿದೆಯನ್ನೇ ನಡೆಸದಿದ್ದರೆ, ಹಾಜರಿ ತಪ್ಪಿದ ಕೂಲಿಗಾರನಿಗೆ ನೋಟೀಸು ಕೊಡುವ ಮುಖ ಯಾರಿಗಿದೆ?

ಕೂಡಿದ ದಿನಗಳಲ್ಲಾದರೂ ಎಲ್ಲರೂ ಇರುತ್ತಾರೆಯೆ? ಸದನ ನಡೆಯಲು ಹತ್ತನೆಯ ಒಂದು ಪಾಲು ಸದಸ್ಯರಿದ್ದರೆ ಸಾಕು. 224ರಲ್ಲಿ 23 ಮಂದಿ. ಉಳಿದ 201 ಕುರ್ಚಿ ಖಾಲಿಯಿದ್ದರೂ ಕಾಯಿದೆ ಕಾಯಿದೆಯೇ. ನಿಮ್ಮ ಮೇಲೆ ಬೀಳುವಾಗ ಅದರ ಭಾರ ಒಂದು ತೊಲವೂ ಕಡಿಮೆಯಾಗುವುದಿಲ್ಲ.

ಸದನದಲ್ಲಿ ಕೆಲಸ ಬೇಗ ಆಗುವುದೇ ಇಲ್ಲವೆಂದು ಯಾರೂ ತಿಳಿಯಬಾರದು. 2025ರ ಮಾರ್ಚಿ 21 ಆಯವ್ಯಯ ಅಧಿವೇಶನದ ಕಡೆಯ ದಿನ. ಸದನದಲ್ಲಿ ಗದ್ದಲ, ಕೂಗಾಟ. ಅಂದೇ 18 ಶಾಸಕರನ್ನು ಅಮಾನತು ಮಾಡಿದರು. ಆ ಗದ್ದಲದ ನಡುವೆ ಚರ್ಚೆಯಿಲ್ಲದೆ ಮಂತ್ರಿಗಳ ಮತ್ತು ಶಾಸಕರ ಸಂಬಳ ಹೆಚ್ಚಿಸುವ ಮಸೂದೆಗಳು ಪಾಸಾದುವು. ಶಾಸಕರ ತಿಂಗಳ ಸಂಬಳ 40,000 ರೂಪಾಯಿಯಿಂದ 80,000ಕ್ಕೆ ಏರಿತು. ದುಡಿದವನಿಗೆ ಸಂಬಳ ಹೆಚ್ಚಬಾರದೆಂದು ದುಡಿಯುವವರ ಪಕ್ಷವಾದ ನಾವು ಹೇಳುವುದಿಲ್ಲ. ಆದರೆ ಮಿಲ್ಲಿನಲ್ಲಿ ನೂರು ರೂಪಾಯಿ ತುಟ್ಟಿಭತ್ಯೆ ಹೆಚ್ಚಬೇಕಾದರೆ ಎಷ್ಟು ಅರ್ಜಿ, ಎಷ್ಟು ಸಂಧಾನ, ಎಷ್ಟು ದಿನ ಬಾಗಿಲಲ್ಲಿ ಕೂರಬೇಕೆಂದು ನಿಮಗೆ ಗೊತ್ತಿದೆ. ಅಲ್ಲಿ ಒಂದು ಗದ್ದಲದ ಮಧ್ಯಾಹ್ನ ಸಾಕಾಯಿತು. ಕರಪತ್ರದಲ್ಲಿ ಇದು ಯಾಕೆ ಇಲ್ಲ? ಇದೂ ಸಾಧನೆಯೇ ಅಲ್ಲವೆ?

ಈಗ ಮಿಲ್ಲಿನವರ ಮಾತಿಗೆ ಬರುತ್ತೇವೆ. ಬ್ರಿಟಿಷ್ ಇಂಡಿಯಾದಲ್ಲಿ 1911ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1922ರಲ್ಲಿ ಅದು 11 ಆಯಿತು. 1934ರಲ್ಲಿ 10. 1946ರಲ್ಲಿ 9, ವಾರಕ್ಕೆ 48. ಸ್ವತಂತ್ರ ಭಾರತದ 1948ರ ಕಾಯಿದೆ ಅದನ್ನೇ ಗಟ್ಟಿ ಮಾಡಿತು. ಒಂದೊಂದು ಗಂಟೆ ಇಳಿಯುವುದಕ್ಕೂ ಹತ್ತು ಹನ್ನೆರಡು ವರ್ಷ ಹಿಡಿಯಿತು. ಮುಷ್ಕರ ಮಾಡಿದವರು, ಕೆಲಸ ಕಳೆದುಕೊಂಡವರು, ಜೈಲು ಕಂಡವರು ಆ ಗಂಟೆಗಳನ್ನು ನಿಮಗಾಗಿ ಗಳಿಸಿಟ್ಟರು.

2023ರ ಫೆಬ್ರವರಿಯಲ್ಲಿ, ಚುನಾವಣೆಗೆ ಮುಂಚಿನ ಕಡೆಯ ಅಧಿವೇಶನದಲ್ಲಿ, ಕರ್ನಾಟಕದ ವಿಧಾನಮಂಡಲ ಆ ಕಾಯಿದೆಗೆ ತಿದ್ದುಪಡಿ ಮಾಡಿತು. ವಿರಾಮವೂ ಸೇರಿ ದಿನದ ದುಡಿಮೆಯನ್ನು 12 ಗಂಟೆಯ ತನಕ ಏರಿಸಲು ಸರ್ಕಾರಕ್ಕೆ ಅಧಿಕಾರ ಬಂತು. ಮೂರು ತಿಂಗಳಲ್ಲಿ 75 ಗಂಟೆಯಿದ್ದ ಹೆಚ್ಚುವರಿ ದುಡಿಮೆಯ ಮಿತಿ 144 ಗಂಟೆಯಾಯಿತು. ಹೆಂಗಸರನ್ನು ರಾತ್ರಿ ಪಾಳಿಗೆ ತೆಗೆದುಕೊಳ್ಳಲು ಕೆಲವು ಷರತ್ತುಗಳೊಡನೆ ದಾರಿಯಾಯಿತು. ಸರ್ಕಾರದ ಕಡೆಯ ವಾದವನ್ನೂ ಮರೆಮಾಚದೆ ಹೇಳಬೇಕು. ವಾರಕ್ಕೆ 48 ಗಂಟೆಯ ಮಿತಿ ಹಾಗೆಯೇ ಇದೆ, ನಾಲ್ಕು ದಿನ ದುಡಿದರೆ ಮೂರು ದಿನ ಬಿಡುವು, ಕೂಲಿಗಾರ ಬರಹದಲ್ಲಿ ಒಪ್ಪಿದರೆ ಮಾತ್ರ ಎಂದು ಅವರು ಹೇಳಿದರು. ಕೇಳಲು ಸೊಗಸಾಗಿದೆ. ಆದರೆ ಕಂಟ್ರಾಕ್ಟಿನ ಮೇಲೆ ಇರುವವನು, ನಾಳೆ ಬಾಗಿಲೊಳಗೆ ಬಿಡುತ್ತಾರೋ ಇಲ್ಲವೋ ತಿಳಿಯದವನು, ಮುಂದೆ ಚಾಚಿದ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಹೇಳಬಲ್ಲನೆ? ಹನ್ನೆರಡು ಗಂಟೆ ಮಗ್ಗದ ಮುಂದೆ ನಿಂತ ಹೆಂಗಸು ಮನೆಗೆ ಹೋಗಿ ಒಲೆ ಹಚ್ಚುವುದು ಎಷ್ಟು ಹೊತ್ತಿಗೆ? ಈ ಎರಡು ಪ್ರಶ್ನೆಗಳನ್ನು ಅಲ್ಲಿ ಎದ್ದು ನಿಂತು ಕೇಳಬೇಕಾಗಿತ್ತು.

ಆಗ ನಮ್ಮ ಊರಿನಲ್ಲಿ ಏನಾಯಿತು? ಎರಡೇ ತಿಂಗಳಿಗೆ ಚುನಾವಣೆಯ ಸಭೆಗಳು ಇದೇ ಬಯಲಿನಲ್ಲಿ ನಡೆದುವು. ಎಲ್ಲ ಪಕ್ಷದವರೂ ಬಂದರು. ಹನ್ನೆರಡು ಗಂಟೆಯ ಮಾತನ್ನು ಒಬ್ಬರೂ ಎತ್ತಲಿಲ್ಲ, ಕೇಳುವವರೂ ಎತ್ತಲಿಲ್ಲ. ಬೇರೆಯವರ ಮೇಲೆ ಬೆರಳು ಮಾಡುವ ಮುಂಚೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಈ ವಾರಪತ್ರಿಕೆ ಆ ಸುದ್ದಿಯನ್ನು ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ ಹಾಕಿತು. ಮುಖಪುಟದಲ್ಲಿ ಬರಬೇಕಾದುದು ಮೂಲೆಯಲ್ಲಿ ಬಂತು. ಲೆಕ್ಕ ಕೇಳಲು ನಿಂತವರು ಮೊದಲು ತಮ್ಮ ಲೆಕ್ಕ ಒಪ್ಪಿಸಬೇಕು. ಒಪ್ಪಿಸಿದ್ದೇವೆ.

ಪೇಟೆಯ ಮಿತ್ರರು, ಇದು ಮಿಲ್ಲಿನವರ ತಾಪತ್ರಯ, ನಮಗೇನು ಎಂದುಕೊಳ್ಳಬಾರದು. 2017ರ ಜೂನಿನಲ್ಲಿ ನಮ್ಮ ವಿಧಾನಮಂಡಲ ರಾಜ್ಯದ ಜಿಎಸ್‌ಟಿ ಕಾಯಿದೆಯನ್ನು ಪಾಸು ಮಾಡಿತು. ಜುಲೈ 1ರಿಂದ ಅದು ಜಾರಿಯಾಯಿತು. ಸರಕು ಮಾರುವವರಿಗೆ ನೋಂದಣಿಯ ಮಿತಿ ಮೊದಲು ವರ್ಷಕ್ಕೆ 20 ಲಕ್ಷ ವಹಿವಾಟು ಇತ್ತು, 2019ರ ಏಪ್ರಿಲಿನಿಂದ 40 ಲಕ್ಷವಾಯಿತು. ಆಗ ನಮ್ಮ ಬೇಕರಿಯವರು, ಬೀಡಾ ಅಂಗಡಿಯವರು, ಹಾಲಿನವರು, ಇದು ದೊಡ್ಡ ಸಾಹುಕಾರರ ಮಾತು ಎಂದು ಸುಮ್ಮನಿದ್ದರು. 2025ರ ಜುಲೈನಲ್ಲಿ ಏನಾಯಿತು? ಗಿರಾಕಿಗಳು ಫೋನಿನಿಂದ ಯುಪಿಐ ಮೂಲಕ ಕೊಟ್ಟ ಹಣವನ್ನೆಲ್ಲ ಕೂಡಿಸಿ, ಹಿಂದಿನ ವರ್ಷಗಳ ತೆರಿಗೆ ಕಟ್ಟಿರೆಂದು ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳು ಸಣ್ಣ ಅಂಗಡಿಗಳ ಬಾಗಿಲಿಗೇ ಬಂದುವು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರೂ ಆ ನೋಟೀಸು ಹಿಡಿದು ಲೆಕ್ಕಿಗರ ಮನೆಗೆ ಓಡಿದರು. 'ಇಲ್ಲಿ ನಗದು ಮಾತ್ರ' ಎಂದು ಬೋರ್ಡು ಬಿದ್ದುವು. ವ್ಯಾಪಾರಿಗಳು ಅಂಗಡಿ ಮುಚ್ಚುತ್ತೇವೆಂದು ಎದ್ದು ನಿಂತ ಮೇಲೆ ಮುಖ್ಯಮಂತ್ರಿಗಳು ಸಭೆ ಕರೆದರು. ಹಳೆಯ ಬಾಕಿ ಕೇಳುವುದಿಲ್ಲ, ಆದರೆ ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಬೇಕು ಎಂಬ ಮಾತು ಬಂತು.

ಇಲ್ಲಿ ಎರಡು ಪಾಠ ಇವೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ? ವಿಧಾನಸೌಧದಲ್ಲಿ ಪಾಸಾದದ್ದು ಎಂಟು ವರ್ಷವಾದರೂ ನಮ್ಮ ಗಲ್ಲಾಪೆಟ್ಟಿಗೆಯ ತನಕ ಬಂದೇ ಬರುತ್ತದೆ. ಇದು ಒಂದು. ಬಂದ ಮೇಲೆ ಕೂಗುವುದಕ್ಕಿಂತ ಬರುವ ಮುಂಚೆ ಕೇಳುವುದು ಲೇಸು. ಇದು ಎರಡನೆಯದು.

ಒಂದು ಆಕ್ಷೇಪಣೆ ಉಂಟು. ಪಕ್ಷದ ವಿಪ್ ಇರುವಾಗ ಪಾಪ ಶಾಸಕ ಏನು ಮಾಡಲು ಸಾಧ್ಯ ಎಂದು ಕೆಲವರು ಕೇಳುತ್ತಾರೆ. ಮಾತಿನಲ್ಲಿ ಸತ್ಯಾಂಶವಿದೆ. 1985ರಲ್ಲಿ ಪಕ್ಷಾಂತರ ನಿಷೇಧವನ್ನು ಸಂವಿಧಾನಕ್ಕೆ ಸೇರಿಸಿದ ಮೇಲೆ, ವಿಪ್ ಮೀರಿ ಮತ ಹಾಕಿದವನ ಸದಸ್ಯತ್ವಕ್ಕೇ ಕುತ್ತು ಬರುತ್ತದೆ. ಆದರೆ ವಿಪ್ ಕಟ್ಟುವುದು ಮತವನ್ನು. ಪ್ರಶ್ನೆ ಕೇಳಬೇಡವೆಂದು ಅದು ಹೇಳುವುದಿಲ್ಲ. ಮಸೂದೆ ಓದಬೇಡವೆಂದು ಹೇಳುವುದಿಲ್ಲ. ಅಧಿವೇಶನಕ್ಕೆ ಮುಂಚೆ ಮಿಲ್ಲಿನ ಬಾಗಿಲಿಗೆ ಬಂದು, ಇಂಥ ಮಸೂದೆ ಬರುತ್ತಿದೆ, ನಿಮ್ಮ ಅಭಿಪ್ರಾಯವೇನು ಎಂದು ವಿಚಾರಿಸಬೇಡವೆಂದು ಯಾವ ವಿಪ್ಪೂ ತಡೆದಿಲ್ಲ. ಇನ್ನು ಮತದ ಮಾತು. ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಪಾಸಾಗುತ್ತವೆ. 'ಹೌದು' ಎಂಬ ಕೂಗು ದೊಡ್ಡದಾಯಿತೆಂದು ಸಭಾಧ್ಯಕ್ಷರು ಸಾರಿದರೆ ಮುಗಿಯಿತು. ಯಾರು ಕೂಗಿದರು, ಯಾರು ಬಾಯಿ ಮುಚ್ಚಿದ್ದರು ಎಂದು ದಾಖಲೆಯಲ್ಲಿ ಇರುವುದಿಲ್ಲ. ಮತ ವಿಭಜನೆ ಬೇಕೆಂದು ಕೇಳಿದರೆ ಹೆಸರು ಹೆಸರಾಗಿ ಬರೆಯಬೇಕಾಗುತ್ತದೆ. ಕೇಳುವ ಮನಸ್ಸು ಬೇಕು.

ಒಬ್ಬ ಶಾಸಕ ಏನು ಮಾಡಬಲ್ಲ ಎನ್ನುವವರಿಗೆ ಶಾಂತವೇರಿ ಗೋಪಾಲಗೌಡರ ಹೆಸರು ಹೇಳುತ್ತೇವೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಎದ್ದರು. ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯಿಂದ ಹೊರಟ ಜಗಳ ಉಳುವವನ ಹಕ್ಕಿನ ಸತ್ಯಾಗ್ರಹವಾಯಿತು. ಡಾ. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಮರುವರ್ಷ ಮೊದಲ ಮಹಾಚುನಾವಣೆಯಲ್ಲಿ, ಇನ್ನೂ ಮೂವತ್ತು ತುಂಬದ ಗೋಪಾಲಗೌಡರನ್ನು ಸಾಗರ–ಹೊಸನಗರದ ಜನ ಸೋಷಲಿಸ್ಟ್ ಪಕ್ಷದಿಂದ ಗೆಲ್ಲಿಸಿ ಕಳಿಸಿದರು. ಸದನದಲ್ಲಿ ಅವರ ಹಿಂದೆ ಸಂಖ್ಯಾಬಲ ಇರಲಿಲ್ಲ. ಗೇಣಿದಾರನ ಮಾತು ಇತ್ತು. 1957ರಲ್ಲಿ ಸೋತರು. 1962ರಲ್ಲಿ, 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. 1961ರ ಭೂಸುಧಾರಣಾ ಕಾಯಿದೆ ಬಂತು. 1974ರ ಮಾರ್ಚಿ 1ರಿಂದ ಜಾರಿಯಾದ ತಿದ್ದುಪಡಿ ಗೇಣಿ ಜಮೀನನ್ನು ಉಳುವವನ ಕೈಗೆ ಕೊಡುವ ದಾರಿ ತೆರೆಯಿತು. ಗೋಪಾಲಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಕೇಳಿದ ಮಾತು ಫಲಿಸುವುದಕ್ಕೆ ಇಪ್ಪತ್ತಮೂರು ವರ್ಷ ಬೇಕಾಯಿತು. ಅವತ್ತೇ ಕೇಳದೆ ಹೋಗಿದ್ದರೆ?

ಸದನದಲ್ಲಿ ಗಳಿಸಿದ್ದನ್ನು ಸದನದಲ್ಲೇ ಕಳೆಯಲೂ ಸಾಧ್ಯ. ಅದೇ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿ, ವ್ಯವಸಾಯ ಮಾಡದವರೂ ಸಾಗುವಳಿ ಜಮೀನು ಕೊಳ್ಳಬಹುದೆಂದು ಮಾಡಿದರು. ನಮ್ಮ ಮಿಲ್ಲಿನ ಅರ್ಧ ಜನಕ್ಕೆ ಹಳ್ಳಿಯಲ್ಲಿ ಎರಡೆಕರೆ, ಮೂರೆಕರೆ ಉಂಟು. ಆದುದರಿಂದ ಕಾವಲು ಒಂದು ದಿನದ ಕೆಲಸವಲ್ಲ.

ಈಗ ಕಾವಲು ಬೇಕಾದ ಜಾಗ ಯಾವುದೆಂದು ಹೇಳುತ್ತೇವೆ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುವು. 1948ರ ಕಾರ್ಖಾನೆ ಕಾಯಿದೆಯ ಜಾಗದಲ್ಲಿ ಅವುಗಳಲ್ಲೊಂದು ಕುಳಿತಿದೆ. ದಿನಕ್ಕೆ ಎಂಟು ಗಂಟೆ ಎಂದು ಆ ಸಂಹಿತೆಯಲ್ಲಿ ಬರೆದಿದೆ. ಹೆಚ್ಚುವರಿ ದುಡಿಮೆಗೆ ಎರಡರಷ್ಟು ಕೂಲಿ, ಅದಕ್ಕೆ ಕೂಲಿಗಾರನ ಒಪ್ಪಿಗೆ ಬೇಕು ಎಂದೂ ಇದೆ. ಆದರೆ ವಿರಾಮವೂ ಸೇರಿ ಒಟ್ಟು ಎಷ್ಟು ಹೊತ್ತು ನೀವು ಮಿಲ್ಲಿನೊಳಗೆ ಇರಬೇಕು, ಹೆಚ್ಚುವರಿ ದುಡಿಮೆ ಎಷ್ಟು ಗಂಟೆಯ ತನಕ ಹೋಗಬಹುದು ಎಂಬುದನ್ನು ಖಾಸಗಿ ಮಿಲ್ಲುಗಳ ಮಟ್ಟಿಗೆ ಗೊತ್ತುಮಾಡುವುದು ರಾಜ್ಯ ಸರ್ಕಾರ. ಅಂದರೆ ನಿಮ್ಮ ದಿನದ ಉದ್ದ ಇರುವುದು ಸಣ್ಣ ಅಕ್ಷರದ ನಿಯಮಗಳಲ್ಲಿ. ಆ ಅಕ್ಷರಗಳನ್ನು ಓದಿ ಕೇಳಬೇಕಾದವರು ಕಂಬದ ಮೇಲಿನ ಚಿತ್ರದಲ್ಲಿ ಕೈಮುಗಿದು ನಿಂತಿದ್ದಾರೆ.

ಆದುದರಿಂದ ನಮ್ಮ ಸಲಹೆ ಇಷ್ಟು. ಪ್ರತಿ ಅಧಿವೇಶನ ಮುಗಿದ ಮೇಲೆ ಶಾಸಕರನ್ನು ಇದೇ ಬಯಲಿಗೆ ಕರೆಯೋಣ. ಹಾರ ತುರಾಯಿ ಬೇಡ. ಐದು ಪ್ರಶ್ನೆ ಇಡೋಣ. ಸದನ ಎಷ್ಟು ದಿನ ಕೂಡಿತು, ನೀವು ಎಷ್ಟು ದಿನ ಇದ್ದಿರಿ? ಯಾವ ಪ್ರಶ್ನೆ ಕೇಳಿದಿರಿ, ಏನು ಉತ್ತರ ಬಂತು? ಯಾವ ಯಾವ ಮಸೂದೆ ಪಾಸಾಯಿತು, ಅವನ್ನು ಓದಿದ್ದಿರಾ? ಯಾವುದಕ್ಕೆ ಒಪ್ಪಿದಿರಿ, ಯಾಕೆ? ದುಡಿಮೆಯ ಹೊತ್ತಿನ ನಿಯಮದ ಬಗ್ಗೆ, ಸಣ್ಣ ವ್ಯಾಪಾರಿಯ ತೆರಿಗೆಯ ಬಗ್ಗೆ ಮುಂದಿನ ಅಧಿವೇಶನದಲ್ಲಿ ಏನು ಕೇಳುತ್ತೀರಿ? ಉತ್ತರಗಳನ್ನು ಬರೆದುಕೊಂಡು ಈ ಪತ್ರಿಕೆಯ ಮುಖಪುಟದಲ್ಲಿ ಹಾಕುವ ಹೊಣೆ ನಮ್ಮದು. ಅವರು ಬಾರದಿದ್ದರೆ ಬರಲಿಲ್ಲವೆಂದು ಹಾಕುವ ಹೊಣೆಯೂ ನಮ್ಮದು. ಸದನದ ನಡವಳಿ ಗುಟ್ಟಿನ ಕಾಗದವಲ್ಲ. ಅದು ಅಚ್ಚಾಗುತ್ತದೆ. ತರಿಸಿ ಓದಿ, ಅವರ ಉತ್ತರದ ಪಕ್ಕದಲ್ಲಿ ಇಟ್ಟು ನೋಡುತ್ತೇವೆ.

ಶಾಸಕರು ನಮ್ಮ ಶತ್ರುವಲ್ಲ. ಒಳ್ಳೆಯ ಪ್ರಶ್ನೆ ಕೇಳಿದ್ದರೆ ಚಪ್ಪಾಳೆ ತಟ್ಟೋಣ. ಯಾವ ಪಕ್ಷದವರಾದರೂ ಸರಿ. ಕೇಳುವ ಜನ ಇದ್ದರೆ ಕೇಳುವ ಶಾಸಕ ಹುಟ್ಟುತ್ತಾನೆ. ರೇಷನ್ ಕಾರ್ಡಿಗೆ, ಆಸ್ಪತ್ರೆಯ ಚೀಟಿಗೆ, ಮಗನ ಸೀಟಿಗೆ ಅವರ ಮನೆಯ ಬಾಗಿಲಲ್ಲಿ ನಿಲ್ಲಬೇಕಾದ ಕಷ್ಟ ನಮಗೆ ಗೊತ್ತು. ಹೋಗಿ, ಬೇಡವೆನ್ನುವುದಿಲ್ಲ. ಹೋದಾಗ ನಿಮ್ಮ ಕೆಲಸದ ಮಾತು ಆದ ಮೇಲೆ ಇನ್ನೊಂದು ಮಾತು ಸೇರಿಸಿ: "ಸ್ವಾಮಿ, ಈ ಸಲ ಸದನದಲ್ಲಿ ಏನು ಕೇಳಿದಿರಿ?" ಹತ್ತು ಮಂದಿ ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ನೂರು ಮಂದಿ ಕೇಳಿದರೆ ಯೋಚನೆ ಮಾಡುತ್ತಾರೆ. ಸಾವಿರ ಮಂದಿ ಕೇಳಿದರೆ ಮುಂದಿನ ಅಧಿವೇಶನಕ್ಕೆ ಮಸೂದೆ ಓದಿಕೊಂಡು ಹೋಗುತ್ತಾರೆ.

ಎರಡನೆಯ ಪಾಳಿಯವರು ವಿರಾಮಕ್ಕೆ ಹೊರಗೆ ಬರುವ ಹೊತ್ತಾಯಿತು. ಚಹಾ ಅಂಗಡಿಯ ಮುಂದೆ ನಿಂತು ಈ ಐದು ಪ್ರಶ್ನೆಗಳನ್ನು ಅವರಿಗೂ ತಿಳಿಸಿ. ಮುಂದಿನ ಅಧಿವೇಶನ ಮುಗಿದ ಮೊದಲ ಭಾನುವಾರ ಮತ್ತೆ ಇಲ್ಲೇ ಸೇರೋಣ.